ಎಣಿಸುತ್ತ ನೋಡಿದರೆ ಬಾಸ್ಕೆಟ್‌ಬಾಲ್ ರುಚಿ ಕೆಡುತ್ತದೆಯೇ?

ಪ್ರಶ್ನೆ: ನಾನು ಶಿರಸಿಯವನು. ಕಾಲೇಜಿನ ದಿನಗಳಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದೆ. ಈಗ ಮಗ ಕಾರವಾರದಿಂದ ರಜೆಗೆ ಬಂದಾಗ ಇಬ್ಬರೂ ಬೆಳಿಗ್ಗೆ ಎದ್ದು ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಪಂದ್ಯ ನೋಡುತ್ತೇವೆ. ಅವನು ಅಂಕಣ ನೋಡುವುದಕ್ಕಿಂತ ಮೊಬೈಲ್ ನೋಡುವುದೇ ಹೆಚ್ಚು. ಟ್ರೂ ಶೂಟಿಂಗ್, ನೆಟ್ ರೇಟಿಂಗ್, ಪ್ಲಸ್ ಮೈನಸ್ ಎಂದು ಏನೇನೋ ಹೇಳುತ್ತಾನೆ. ತಾಳ ಎಣಿಸುತ್ತ ಕೂತರೆ ಯಕ್ಷಗಾನದ ರಸವೇ ಹೋಗುತ್ತದೆ ಎಂಬುದು ನನ್ನ ವಾದ. ಈ ಲೆಕ್ಕಗಳಿಂದ ನೋಡುವ ಸುಖ ನಿಜಕ್ಕೂ ಹೆಚ್ಚುತ್ತದೆಯೇ? ಹೆಚ್ಚುವುದಾದರೆ ಎಲ್ಲಿಂದ ಶುರು ಮಾಡಬೇಕು? ನಮ್ಮ ಜಿಲ್ಲೆಯ ಟೂರ್ನಿಗಳಿಗೂ ಇದು ಒಗ್ಗುತ್ತದೆಯೇ?

ಉತ್ತರ: ನಿಮ್ಮ ಯಕ್ಷಗಾನದ ಮಾತಿನಿಂದಲೇ ಹೊರಡೋಣ. ತಾಳ ಎಣಿಸುವವನು ಇನ್ನೂ ಕಲಿಯುತ್ತಿರುವವನು. ತಾಳ ಬಲ್ಲವನು ಎಣಿಸುವುದಿಲ್ಲ. ಭಾಗವತರು ಪದ್ಯ ಎತ್ತಿದ ಕೂಡಲೇ ಚಂಡೆ ಎಲ್ಲಿ ಬಂದು ಮುಟ್ಟಬೇಕು ಎಂದು ಅವನಿಗೆ ಗೊತ್ತಿರುತ್ತದೆ, ಮುಟ್ಟಿದಾಗ ಉಳಿದವರಿಗಿಂತ ಅವನಿಗೇ ಹೆಚ್ಚು ಖುಷಿ. ನಿಮ್ಮ ಮಗ ಎಣಿಸುವ ಹಂತದಲ್ಲಿದ್ದಾನೆ. ಆಟ ನಡೆಯುವಾಗ ಮೊಬೈಲ್ ನೋಡುವುದು ನಷ್ಟವೇ, ಅದರಲ್ಲಿ ನಿಮ್ಮ ಮಾತು ಸರಿ. ಅಂಕಿ ನೋಡಬೇಕಾದದ್ದು ಪಂದ್ಯಕ್ಕೆ ಮೊದಲು, ವಿರಾಮದಲ್ಲಿ ಮತ್ತು ಮುಗಿದ ಮೇಲೆ. ಒಳ್ಳೆಯ ಅಂಕಿ ಒಂದೇ ಕೆಲಸ ಮಾಡುತ್ತದೆ: ಎಲ್ಲಿ ನೋಡಬೇಕು ಎಂದು ತೋರಿಸುತ್ತದೆ. ಚೆಂಡಿನ ಹಿಂದೆಯೇ ಓಡುವ ಕಣ್ಣನ್ನು ಅದು ಅಂಕಣದ ಉಳಿದ ಮೂಲೆಗಳಿಗೂ ಕರೆದೊಯ್ಯುತ್ತದೆ.

ಇನ್ನೊಂದು ವಿಷಯ. ನೀವು ಇಷ್ಟಪಡುವ ಬಾಸ್ಕೆಟ್‌ಬಾಲ್‌ನ ವೇಗವೇ ಒಂದು ಭಾಗಾಕಾರದಿಂದ ಬಂದದ್ದು. 1950ರ ನವೆಂಬರ್ 22ರಂದು ಫೋರ್ಟ್ ವೇನ್ ತಂಡ ಮಿನಿಯಾಪೊಲಿಸ್ ತಂಡವನ್ನು 19-18ರಿಂದ ಸೋಲಿಸಿತು. ಅಷ್ಟು ಕಡಿಮೆ ಅಂಕ, ಏಕೆಂದರೆ ಚೆಂಡು ಹಿಡಿದುಕೊಂಡು ಸಮಯ ಕಳೆಯಲು ಆಗ ಯಾವ ತಡೆಯೂ ಇರಲಿಲ್ಲ. ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಯಸೋನ್ ಒಂದು ಲೆಕ್ಕ ಹಾಕಿದರು. ನೋಡಲು ಚೆನ್ನಾಗಿರುವ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಸಲ ಬಾಸ್ಕೆಟ್‌ಗೆ ಎಸೆಯುತ್ತವೆ, ಪಂದ್ಯ 48 ನಿಮಿಷ, ಅಂದರೆ 2880 ಸೆಕೆಂಡು, ಭಾಗಿಸಿದರೆ 24. 1954ರಲ್ಲಿ 24 ಸೆಕೆಂಡಿನ ಗಡಿಯಾರ ಬಂತು. ಲೆಕ್ಕ ಆಟಕ್ಕೆ ಹೊರಗಿನಿಂದ ಬಂದು ಅಂಟಿಕೊಂಡದ್ದಲ್ಲ.

ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದ್ದೀರಿ. ಒಂದೇ ಒಂದು ಕಲ್ಪನೆಯಿಂದ. ಅದನ್ನು ಇಂಗ್ಲಿಷ್‌ನವರು ಪೊಸೆಷನ್ ಎನ್ನುತ್ತಾರೆ, ನಾವು ಸರದಿ ಎನ್ನೋಣ. ಒಂದು ತಂಡದ ಕೈಗೆ ಚೆಂಡು ಬಂದಲ್ಲಿಂದ ಎದುರು ತಂಡದ ಕೈಗೆ ಹೋಗುವವರೆಗೆ ಒಂದು ಸರದಿ. ಎಸೆತ ತಪ್ಪಿ ಅದೇ ತಂಡ ರೀಬೌಂಡ್ (ತಪ್ಪಿ ಮರಳಿದ ಚೆಂಡು) ಹಿಡಿದರೆ ಅದು ಹೊಸ ಸರದಿಯಲ್ಲ, ಹಳೆಯದೇ ಮುಂದುವರಿದದ್ದು. ಸರದಿಗಳು ಒಂದಾದ ಮೇಲೊಂದು ಬದಲಾಗುವುದರಿಂದ ಪಂದ್ಯ ಮುಗಿದಾಗ ಎರಡೂ ತಂಡಗಳಿಗೆ ಹೆಚ್ಚುಕಡಿಮೆ ಸಮ ಸಂಖ್ಯೆಯ ಸರದಿ ಸಿಕ್ಕಿರುತ್ತದೆ. ಹಾಗಾಗಿ ಬಾಸ್ಕೆಟ್‌ಬಾಲ್‌ನ ಮೂಲ ಪ್ರಶ್ನೆ ಇಷ್ಟೇ: ಸಮನಾಗಿ ಹಂಚಿಹೋದ ಸರದಿಗಳಲ್ಲಿ ಯಾರು ಹೆಚ್ಚು ಅಂಕ ತೆಗೆದರು?

ಅಡಕೆ ಬೆಳೆಯುವ ಊರಿನವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬರಿಗೆ 40 ಕ್ವಿಂಟಲ್ ಬಂತು, ಇನ್ನೊಬ್ಬರಿಗೆ 25 ಎಂದರೆ ಯಾರ ತೋಟ ಚೆನ್ನಾಗಿದೆ ಎಂದು ಯಾರೂ ಹೇಳುವುದಿಲ್ಲ. ಎಕರೆಗೆ ಎಷ್ಟು ಎಂದು ಮೊದಲು ಕೇಳುತ್ತಾರೆ. ಬಾಸ್ಕೆಟ್‌ಬಾಲ್‌ನಲ್ಲಿ ಎಕರೆಯ ಜಾಗದಲ್ಲಿ ಸರದಿ. 100 ಸರದಿಗೆ ತಂಡ ಗಳಿಸಿದ ಅಂಕ ಅಫೆನ್ಸಿವ್ ರೇಟಿಂಗ್, ಬಿಟ್ಟುಕೊಟ್ಟ ಅಂಕ ಡಿಫೆನ್ಸಿವ್ ರೇಟಿಂಗ್, ಎರಡರ ವ್ಯತ್ಯಾಸವೇ ನಿಮ್ಮ ಮಗ ಹೇಳುವ ನೆಟ್ ರೇಟಿಂಗ್. ಪಂದ್ಯಕ್ಕೆ 120 ಅಂಕ ಹೊಡೆಯುವ ತಂಡ ಬರೀ ವೇಗವಾಗಿ ಆಡುವ ತಂಡ ಇರಬಹುದು. 105 ಹೊಡೆಯುವ ನಿಧಾನದ ತಂಡ ಸರದಿ ಲೆಕ್ಕದಲ್ಲಿ ಅದಕ್ಕಿಂತ ಮೇಲಿರಬಹುದು. ಈಗಿನ ಎನ್‌ಬಿಎಯಲ್ಲಿ ತಂಡವೊಂದಕ್ಕೆ ಪಂದ್ಯಕ್ಕೆ ಸುಮಾರು 100 ಸರದಿ ಸಿಗುತ್ತದೆ. ನಮ್ಮಲ್ಲಿ ಪಂದ್ಯ 40 ನಿಮಿಷದ್ದು, ಆದ್ದರಿಂದ ಕಡಿಮೆ.

ಸರದಿಯನ್ನು ಒಂದೊಂದಾಗಿ ಎಣಿಸಲು ಆಗದಿದ್ದರೆ ಪಂದ್ಯದ ಅಂಕಪಟ್ಟಿಯಿಂದಲೇ ಅಂದಾಜು ಮಾಡಬಹುದು. ಬಾಸ್ಕೆಟ್‌ಗೆ ಮಾಡಿದ ಎಸೆತಗಳ ಸಂಖ್ಯೆಗೆ, ಫ್ರೀ ಥ್ರೋಗಳ (ಎದುರಾಳಿಯ ಫೌಲ್‌ಗೆ ಸಿಗುವ, ಯಾರೂ ತಡೆಯದ ಒಂದಂಕದ ಎಸೆತ) ಸಂಖ್ಯೆಯನ್ನು 0.44ರಿಂದ ಗುಣಿಸಿ ಕೂಡಿಸಿ, ಟರ್ನೋವರ್ (ಎಸೆಯುವ ಮೊದಲೇ ಚೆಂಡು ಕಳೆದುಕೊಂಡದ್ದು) ಕೂಡಿಸಿ, ತಮ್ಮದೇ ಎಸೆತ ತಪ್ಪಿದಾಗ ಹಿಡಿದ ರೀಬೌಂಡ್‌ಗಳನ್ನು ಕಳೆಯಿರಿ. ಎರಡು ಫ್ರೀ ಥ್ರೋಗೆ ಒಂದು ಸರದಿಯಾದರೆ 0.5 ಇರಬೇಕಿತ್ತಲ್ಲ, 0.44 ಏಕೆ ಎಂದು ನೀವು ಕೇಳಬಹುದು. ಬಾಸ್ಕೆಟ್ ಬಿದ್ದ ಮೇಲೆ ಸಿಗುವ ಒಂಟಿ ಫ್ರೀ ಥ್ರೋ ಹೊಸ ಸರದಿ ತಿನ್ನುವುದಿಲ್ಲ, ಟೆಕ್ನಿಕಲ್ ಫೌಲ್‌ನದ್ದೂ ತಿನ್ನುವುದಿಲ್ಲ, ದೂರದ ಮೂರಂಕದ ಗೆರೆಯಾಚೆಯಿಂದ ಎಸೆಯುವಾಗ ಫೌಲ್ ಆದರೆ ಮೂರು ಎಸೆತಕ್ಕೆ ಒಂದೇ ಸರದಿ. ಇವನ್ನೆಲ್ಲ ಸರಾಸರಿ ಮಾಡಿ ಬಂದ ಸಂಖ್ಯೆ ಅದು.

ಲೆಕ್ಕ ಕಲಿಯಲೆಂದು ಒಂದು ಪಂದ್ಯವನ್ನು ಕಟ್ಟಿ ನೋಡೋಣ. ನಮ್ಮ ತಂಡ 61, ಎದುರು ತಂಡ 66. ನಮ್ಮವರು 60 ಸಲ ಎಸೆದು 24 ಹಾಕಿದರು, ಅದರಲ್ಲಿ ಮೂರಂಕದ್ದು 12ಕ್ಕೆ 3, ಫ್ರೀ ಥ್ರೋ 20ಕ್ಕೆ 10, ಟರ್ನೋವರ್ 12, ತಮ್ಮ ಎಸೆತದ ರೀಬೌಂಡ್ 14. ಎದುರಿನವರು 54 ಸಲ ಎಸೆದು 22 ಹಾಕಿದರು, ಮೂರಂಕದ್ದು 22ಕ್ಕೆ 8, ಫ್ರೀ ಥ್ರೋ 18ಕ್ಕೆ 14, ಟರ್ನೋವರ್ 13, ರೀಬೌಂಡ್ 8. ಸೂತ್ರ ಹಾಕಿದರೆ ನಮಗೆ 66.8 ಸರದಿ, ಅವರಿಗೆ 66.9. ನಮ್ಮ ರೇಟಿಂಗ್ 91, ಅವರದ್ದು 99ಕ್ಕೆ ಸ್ವಲ್ಪ ಕಡಿಮೆ.

ಈಗ ಗ್ಯಾಲರಿಯಲ್ಲಿ ಏನು ಮಾತು ಬರುತ್ತದೆ ನೋಡಿ. "ನಾವೂ ನೂರಕ್ಕೆ 40, ಅವರೂ ನೂರಕ್ಕೆ 40, ಬರೀ ದುರದೃಷ್ಟ" ಎಂದು ಒಬ್ಬರು. "ಬೋರ್ಡ್ ಕೆಳಗೆ ನಮ್ಮ ಹುಡುಗರಿಗೆ ಎತ್ತರ ಸಾಲಲಿಲ್ಲ" ಎಂದು ಇನ್ನೊಬ್ಬರು. ಎರಡೂ ತಪ್ಪು. ರೀಬೌಂಡ್‌ನಲ್ಲಿ ನಮ್ಮವರೇ ಮುಂದೆ. ಹೆಚ್ಚು ಹಿಡಿದ ಆ ಆರು ರೀಬೌಂಡ್‌ಗಳಿಂದಲೇ ನಮಗೆ ಆರು ಎಸೆತ ಹೆಚ್ಚು ಸಿಕ್ಕಿದೆ. ಎರಡಂಕದ ಎಸೆತ ನಮ್ಮದು 48ಕ್ಕೆ 21, ಅವರದು 32ಕ್ಕೆ 14. ಎರಡೂ ಶೇ. 43.75, ಕೂದಲಿನಷ್ಟೂ ವ್ಯತ್ಯಾಸವಿಲ್ಲ. ಸೋತದ್ದು ಎರಡೇ ಕಡೆ, ಮೂರಂಕದ ಗೆರೆಯಾಚೆ ಮತ್ತು ಫ್ರೀ ಥ್ರೋ ಗೆರೆಯಲ್ಲಿ. ಫ್ರೀ ಥ್ರೋ 20ಕ್ಕೆ 14 ಬಿದ್ದಿದ್ದರೂ ಒಂದು ಅಂಕದಿಂದ ಸೋಲುತ್ತಿದ್ದರು. ಮುಂದಿನ ಪಂದ್ಯಕ್ಕೆ ಹೋದಾಗ ನೀವು ಎತ್ತರದ ಹುಡುಗನನ್ನು ಹುಡುಕುವುದಿಲ್ಲ. ಎದುರು ತಂಡದ ಎಸೆತಗಾರನಿಗೆ ಗೆರೆಯ ಹೊರಗೆ ಅಷ್ಟು ಜಾಗ ಬಿಟ್ಟವರು ಯಾರು ಎಂದು ನೋಡುತ್ತೀರಿ. ನೋಟ ಬದಲಾಗುವುದು ಎಂದರೆ ಇದೇ.

ಇದನ್ನೇ ನಾಲ್ಕು ಭಾಗ ಮಾಡಿ ಹೇಳಿದವರು ಬಾಸ್ಕೆಟ್‌ಬಾಲ್ ಅಂಕಿಅಂಶದ ತಜ್ಞ ಡೀನ್ ಆಲಿವರ್. ಎಸೆತದ ಗುಣಮಟ್ಟ, ಟರ್ನೋವರ್, ತಮ್ಮ ಎಸೆತದ ರೀಬೌಂಡ್, ಫ್ರೀ ಥ್ರೋ. ಇವುಗಳ ತೂಕ ಕ್ರಮವಾಗಿ ಸುಮಾರು 40, 25, 20, 15 ಎಂದು ಅವರ ಅಂದಾಜು. ಬೇರೆ ಯಾವ ಅಂಕಿಯೂ ನೆನಪಿರದಿದ್ದರೆ ಚಿಂತೆಯಿಲ್ಲ, ಈ ನಾಲ್ಕನ್ನು ಇದೇ ಕ್ರಮದಲ್ಲಿ ನೋಡಿದರೆ ಪಂದ್ಯ ಎಲ್ಲಿ ತಿರುಗಿತು ಎಂಬುದು ಬಹುಪಾಲು ಸಿಗುತ್ತದೆ. ಜೂನ್‌ನಲ್ಲಿ ಎನ್‌ಬಿಎ ಫೈನಲ್ ನಮ್ಮಲ್ಲಿ ಬೆಳಿಗ್ಗೆ ಆರರ ಹೊತ್ತಿಗೆ ಬರುತ್ತದೆ, ಘಟ್ಟದ ಮೇಲೆ ಆಗ ಮಳೆ ಹಿಡಿದು ಕರೆಂಟ್ ಹೋಗುವ ಕಾಲ. ಎರಡು ಕ್ವಾರ್ಟರ್ ತಪ್ಪಿಹೋದರೂ ಆಮೇಲೆ ಅಂಕಪಟ್ಟಿ ತೆಗೆದು ಈ ಕ್ರಮದಲ್ಲಿ ಓದಿ. ಆಟಗಾರರ ಹೆಸರಿನ ಸಾಲುಗಳಿಗೆ ಹೋಗುವ ಮೊದಲು ಕೆಳಗಿನ ತಂಡದ ಮೊತ್ತದ ಸಾಲನ್ನು ಓದಬೇಕು. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ.

ಮೊದಲನೆಯದಾದ ಎಸೆತದ ಗುಣಮಟ್ಟದ ಹತ್ತಿರ ಸ್ವಲ್ಪ ನಿಲ್ಲೋಣ, ಆಟದ ಸ್ವಾರಸ್ಯ ಹೆಚ್ಚು ಇರುವುದು ಅಲ್ಲೇ. ಎಸೆತದ ಹಳೆಯ ಶೇಕಡಾವಾರು ಎಲ್ಲ ಬಾಸ್ಕೆಟ್‌ಗಳನ್ನೂ ಒಂದೇ ಎಂದು ಎಣಿಸುತ್ತದೆ. ಅಡಕೆಯಲ್ಲಿ ಒಳ್ಳೆಯ ಚಾಲಿಯನ್ನೂ ಅಗ್ಗದ ಬಿಳಿಗೋಟನ್ನೂ ಒಂದೇ ದರಕ್ಕೆ ತೂಗಿದ ಹಾಗೆ. ಎಫೆಕ್ಟಿವ್ ಶೂಟಿಂಗ್ ಎಂಬ ಅಳತೆ ಮೂರಂಕದ ಬಾಸ್ಕೆಟ್ ಅನ್ನು ಒಂದೂವರೆ ಎಂದು ಎಣಿಸುತ್ತದೆ. ಮೇಲಿನ ಪಂದ್ಯದಲ್ಲಿ ನಮ್ಮದು 24 ಬಾಸ್ಕೆಟ್‌ಗೆ 1.5 ಸೇರಿ 25.5, ಅದನ್ನು 60ರಿಂದ ಭಾಗಿಸಿದರೆ ಶೇ. 42.5, ಅವರದು 26ನ್ನು 54ರಿಂದ ಭಾಗಿಸಿ ಶೇ. 48. ಸಮ ಎಂದು ಕಂಡದ್ದು ಸಮವಾಗಿರಲಿಲ್ಲ. ಇದಕ್ಕೆ ಫ್ರೀ ಥ್ರೋವನ್ನೂ ಸೇರಿಸಿದರೆ ಟ್ರೂ ಶೂಟಿಂಗ್. ಎಸೆತಗಳಿಗೆ ಫ್ರೀ ಥ್ರೋಗಳ 0.44 ಭಾಗ ಕೂಡಿಸಿ, ಅದರ ಎರಡರಷ್ಟರಿಂದ ಒಟ್ಟು ಅಂಕವನ್ನು ಭಾಗಿಸಬೇಕು. ಕೋಬಿ ಬ್ರಯಾಂಟ್ 2006ರ ಜನವರಿ 22ರಂದು ಟೊರಾಂಟೊ ವಿರುದ್ಧ 81 ಅಂಕ ಹೊಡೆದಾಗ 46 ಎಸೆತ, 20 ಫ್ರೀ ಥ್ರೋ. ಲೆಕ್ಕ ಹಾಕಿದರೆ ಶೇ. 74. ವಿಲ್ಟ್ ಚೇಂಬರ್ಲೇನ್ 1962ರ ಮಾರ್ಚ್ 2ರಂದು 100 ಅಂಕ ಹೊಡೆದದ್ದು 63 ಎಸೆತ, 32 ಫ್ರೀ ಥ್ರೋದಿಂದ, ಶೇ. 65. ಯಾರು ದೊಡ್ಡವರು ಎಂಬ ಜಗಳಕ್ಕೆ ಇದನ್ನು ಹೇಳುತ್ತಿಲ್ಲ. ಚೇಂಬರ್ಲೇನ್ ಆಡಿದ ಆ ಪಂದ್ಯ 169-147ರಲ್ಲಿ ಮುಗಿದದ್ದು, ಆಗ ಮೂರಂಕದ ಗೆರೆಯೂ ಇರಲಿಲ್ಲ. ಎನ್‌ಬಿಎಗೆ ಅದು ಬಂದದ್ದು 1979-80ರಲ್ಲಿ. 81 ಅಂಕದ ಆ ರಾತ್ರಿ ಬರೀ ಹೆಚ್ಚು ಎಸೆದ ರಾತ್ರಿಯಲ್ಲ, ಎಸೆದದ್ದೆಲ್ಲ ಫಲ ಕೊಟ್ಟ ರಾತ್ರಿ ಎಂದು ಈ ಲೆಕ್ಕದಿಂದ ತಿಳಿಯುತ್ತದೆ.

ಈಗ ಎಸೆತದ ಜಾಗಕ್ಕೆ ಬನ್ನಿ. ಎನ್‌ಬಿಎಯಲ್ಲಿ ರಿಂಗ್‌ನ ಬುಡದಿಂದ ಎಸೆದದ್ದು ನೂರಕ್ಕೆ ಸುಮಾರು 65 ಬೀಳುತ್ತದೆ, ಎಸೆತಕ್ಕೆ 1.3 ಅಂಕ. ಮಧ್ಯದ ದೂರದಿಂದ ನೂರಕ್ಕೆ 40ರ ಆಸುಪಾಸು, ಅಂದರೆ 0.8 ಅಂಕ. ಮೂರಂಕದ್ದು ನೂರಕ್ಕೆ 36ರ ಆಸುಪಾಸು, 1.08 ಅಂಕ. ಮಧ್ಯದ ಎಸೆತಕ್ಕಿಂತ ಕಡಿಮೆ ಬಿದ್ದರೂ ಹೆಚ್ಚು ಕೊಡುತ್ತದೆ. ತಂಡಗಳು ಎರಡು ಹೆಜ್ಜೆ ಹಿಂದೆ ಸರಿದು ಗೆರೆಯಾಚೆ ನಿಂತದ್ದು ಈ ಒಂದು ಹೋಲಿಕೆಯಿಂದ. ಮೂಲೆಯ ಮೂರಂಕ ಇನ್ನೂ ಲಾಭದ್ದು, ಏಕೆಂದರೆ ಎನ್‌ಬಿಎಯಲ್ಲಿ ಗೆರೆ ಎದುರಿಗೆ 7.24 ಮೀಟರ್, ಮೂಲೆಯಲ್ಲಿ 6.70. ಟಿವಿಯಲ್ಲಿ ಮೂಲೆಯಲ್ಲಿ ಕೈಕಟ್ಟಿ ನಿಂತಂತೆ ಕಾಣುವ ಆಟಗಾರನನ್ನು ಇನ್ನು ಮೇಲೆ ನೋಡಿ. ಅವನು ಸುಮ್ಮನೆ ನಿಂತಿಲ್ಲ. ಅವನನ್ನು ಬಿಟ್ಟು ಬಂದರೆ ನಷ್ಟ ಎಂದು ಡಿಫೆಂಡರ್‌ಗೆ ಗೊತ್ತು, ಬಿಟ್ಟು ಬರದಿದ್ದರೆ ರಿಂಗ್ ಕಡೆ ನುಗ್ಗುವವನಿಗೆ ದಾರಿ ತೆರೆದಿರುತ್ತದೆ. ಆ ಡಿಫೆಂಡರ್‌ನ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಆ ಅರ್ಧ ಸೆಕೆಂಡಿನ ಇಕ್ಕಟ್ಟೇ ಇವತ್ತಿನ ಬಾಸ್ಕೆಟ್‌ಬಾಲ್‌ನ ಸೊಗಸು, ಅದು ಯಾವ ರೀಪ್ಲೇಯಲ್ಲೂ ಬರುವುದಿಲ್ಲ. ಸ್ಟೀಫನ್ ಕರಿ 2015-16ರಲ್ಲಿ 402 ಮೂರಂಕ ಹಾಕಿದ ಮೇಲೆ ಅವನು ಚೆಂಡಿಲ್ಲದೆ ಓಡಿದರೂ ಇಬ್ಬರು ಹಿಂದೆ ಓಡುತ್ತಾರೆ. ಉಳಿದವರು ಮೂವರ ಎದುರು ನಾಲ್ವರು. ಅಂಕಪಟ್ಟಿಯಲ್ಲಿ ಆ ಓಟಕ್ಕೆ ಸೊನ್ನೆ, ಸರದಿಯ ಲೆಕ್ಕದಲ್ಲಿ ಅದಕ್ಕೆ ಬೆಲೆ ಇದೆ.

ಇಲ್ಲೊಂದು ಎಚ್ಚರಿಕೆ, ನಮ್ಮ ಕಡೆಯ ತರಬೇತುದಾರರು ಟಿವಿ ನೋಡಿ ಇದರಲ್ಲಿ ಎಡವುತ್ತಾರೆ. ನಾವು ಆಡುವುದು ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ) ಅಳತೆಯ ಅಂಕಣದಲ್ಲಿ. ಅಲ್ಲಿ ಗೆರೆ ಎದುರಿಗೆ 6.75 ಮೀಟರ್, ಮೂಲೆಯಲ್ಲಿ 6.60. ವ್ಯತ್ಯಾಸ 15 ಸೆಂಟಿಮೀಟರ್ ಮಾತ್ರ. ಮೂಲೆಯಲ್ಲಿ ನಿಂತವನಿಗೆ ಪಾಸ್ ಸಿಕ್ಕಿ ನಿಂತಲ್ಲೇ ಎಸೆಯುವ ಅನುಕೂಲ ಇಲ್ಲೂ ಉಂಟು, ದೂರದ ಅನುಕೂಲ ಇಲ್ಲ. ಹಾಗೆಯೇ 0.8 ಎಂದು ಮಧ್ಯದ ಎಸೆತವನ್ನು ಪೂರ್ತಿ ತಳ್ಳಿಹಾಕುವುದೂ ಸರಿಯಲ್ಲ. ಗಡಿಯಾರದಲ್ಲಿ 18 ಸೆಕೆಂಡು ಇರುವಾಗ ಅದು ಕೆಟ್ಟ ಆಯ್ಕೆ. 3 ಸೆಕೆಂಡು ಇರುವಾಗ ಇನ್ನೇನೂ ತೆರೆದಿಲ್ಲದಿದ್ದರೆ ಅದೇ ಒಳ್ಳೆಯದು. ಅಂಕಿ ಸರಾಸರಿಯ ಮಾತು, ಆಟಗಾರ ತೀರ್ಮಾನ ಮಾಡುವುದು ಆ ಒಂದು ಗಳಿಗೆಯಲ್ಲಿ.

ಅದೃಷ್ಟ ಎಷ್ಟು, ಕೌಶಲ ಎಷ್ಟು ಎಂದು ತೂಗಲು ಕಲಿಯುವುದು ಈ ಲೆಕ್ಕಗಳಿಂದ ಸಿಗುವ ಅತಿ ದೊಡ್ಡ ಲಾಭ ಎಂದು ನನ್ನ ಅಭಿಪ್ರಾಯ. ನೂರಕ್ಕೆ 35 ಹಾಕುವ ತಂಡ ಒಂದು ಪಂದ್ಯದಲ್ಲಿ 20 ಮೂರಂಕ ಎಸೆದರೆ 7 ಬೀಳಬೇಕು. ಆದರೆ 5 ಬೀಳುವುದೂ 9 ಬೀಳುವುದೂ ತೀರ ಸಾಮಾನ್ಯ. ಅಷ್ಟರಲ್ಲೇ 12 ಅಂಕದ ಏರುಪೇರು. ತಂಡ ಅದೇ, ತಂತ್ರ ಅದೇ, ಫಲ ಬೇರೆ. 2018ರ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್‌ನ (ಎನ್‌ಬಿಎ ಫೈನಲ್‌ಗೆ ಮುಂಚಿನ ಸುತ್ತು) ಏಳನೇ ಪಂದ್ಯ ನೆನಪಿದೆಯೇ? ಆ ಋತುವಿನಲ್ಲಿ 65 ಪಂದ್ಯ ಗೆದ್ದಿದ್ದ ಹ್ಯೂಸ್ಟನ್, ಗೋಲ್ಡನ್ ಸ್ಟೇಟ್ ಎದುರು ಅರ್ಧ ಪಂದ್ಯಕ್ಕೆ 54-43ರಿಂದ ಮುಂದಿತ್ತು. ಆದರೆ ವಿರಾಮಕ್ಕೆ ಮೊದಲೇ ಶುರುವಾಗಿ ಒಂದರ ಹಿಂದೊಂದು 27 ಮೂರಂಕದ ಎಸೆತ ತಪ್ಪಿತು. ಒಟ್ಟು 44ಕ್ಕೆ 7, ಪಂದ್ಯ 92-101. ಪ್ರತಿ ಎಸೆತಕ್ಕೆ ಶೇ. 35 ಅವಕಾಶ ಎಂದು ಹಿಡಿದರೆ 27 ಬಿಡಿ ಎಸೆತಗಳು ಸಾಲಾಗಿ ತಪ್ಪುವ ಸಂಭವ ಲಕ್ಷಕ್ಕೊಂದರಷ್ಟು. ಮೂರಂಕವನ್ನೇ ನಂಬಿದ ತಂಡಕ್ಕೆ ತಕ್ಕ ಶಾಸ್ತಿ ಎಂದು ಬಹಳ ಜನ ಬರೆದರು. ತೀರ್ಪು ಅಷ್ಟು ಸುಲಭವಲ್ಲ. ಆ ಎಸೆತಗಳಲ್ಲಿ ಎಷ್ಟು ತೆರೆದ ಎಸೆತ, ಎಷ್ಟು ಕೈ ಅಡ್ಡ ಬಂದದ್ದು, ಕಾಲಿಗೆ ಪೆಟ್ಟಾಗಿ ಹೊರಗಿದ್ದ ಕ್ರಿಸ್ ಪಾಲ್ ಇದ್ದಿದ್ದರೆ ಯಾರ ಕೈಗೆ ಚೆಂಡು ಹೋಗುತ್ತಿತ್ತು, ದಣಿದ ಕಾಲಿನಿಂದ ಎಸೆದದ್ದೆಷ್ಟು ಎಂದು ಕೇಳುತ್ತ ಆ ಪಂದ್ಯವನ್ನು ಮತ್ತೊಮ್ಮೆ ನೋಡಿ. ಸಂಭವದ ಅಳತೆ ಗೊತ್ತಿದ್ದವರಿಗೆ ಆ ಇಪ್ಪತ್ತೇಳರ ಸಾಲು ಎದೆ ಹಿಂಡುವಷ್ಟು ಬೇರೆಯವರಿಗೆ ಹಿಂಡುವುದಿಲ್ಲ.

ಇದಕ್ಕೆ ತಿರುವಾದ ಪ್ರಶ್ನೆ ಕೈ ಕುದುರಿದ ಆಟಗಾರನದ್ದು. ಕ್ಲೇ ಥಾಂಪ್ಸನ್ 2015ರ ಜನವರಿ 23ರಂದು ಒಂದೇ ಕ್ವಾರ್ಟರ್‌ನಲ್ಲಿ 37 ಅಂಕ ಹೊಡೆದ. 13 ಎಸೆತಕ್ಕೆ 13, ಅದರಲ್ಲಿ ಮೂರಂಕದ್ದು 9ಕ್ಕೆ 9. ಕೈ ಕುದುರುವುದು ಎಂಬುದು ಬರೀ ಭ್ರಮೆ ಎಂದು 1985ರಲ್ಲಿ ಗಿಲೊವಿಚ್, ವಲೋನ್, ಟ್ವರ್ಸ್ಕಿ ಎಂಬ ಸಂಶೋಧಕರು ಬರೆದರು, ಮೂವತ್ತು ವರ್ಷ ಅದೇ ಮಾತು ನಡೆಯಿತು. 2018ರಲ್ಲಿ ಮಿಲ್ಲರ್ ಮತ್ತು ಸಂಹುರ್ಹೊ ಆ ಲೆಕ್ಕದಲ್ಲೇ ಒಂದು ಸೂಕ್ಷ್ಮ ದೋಷ ತೋರಿಸಿದರು. ನಾಣ್ಯವನ್ನು ನಾಲ್ಕು ಸಲ ಚಿಮ್ಮಿ, ತಲೆ ಬಿದ್ದ ಮರುಸಲ ಮತ್ತೆ ತಲೆ ಬಿದ್ದ ಪ್ರಮಾಣ ಬರೆದಿಡಿ. ಹೀಗೆ ನೂರಾರು ಸರಣಿ ಮಾಡಿ ಆ ಪ್ರಮಾಣಗಳ ಸರಾಸರಿ ತೆಗೆಯಿರಿ. ಅದು 50ಕ್ಕೆ ಬರುವುದಿಲ್ಲ, ಸುಮಾರು 40ಕ್ಕೆ ನಿಲ್ಲುತ್ತದೆ. ಚಿಕ್ಕ ಸರಣಿಗಳ ಸ್ವಭಾವ ಅದು. ಹಾಗಾದರೆ ಹಿಂದೆ ಹಾಕಿದ ಮೇಲೆ ಮತ್ತೆ ಶೇ. 50 ಹಾಕಿದ ಆಟಗಾರ ಮಾಮೂಲಿಗಿಂತ ಚೆನ್ನಾಗಿಯೇ ಎಸೆದಿದ್ದಾನೆ ಎಂದಾಯಿತು. ನಿಮ್ಮ ಮಗನ ಜೊತೆ ಮಳೆಗಾಲದ ಒಂದು ಸಂಜೆ ಕೂತು ಚಿಮ್ಮಿ ನೋಡಿ, ಮೊದಲ ಮೂರು ಸಲದಲ್ಲಿ ಒಮ್ಮೆಯೂ ತಲೆ ಬೀಳದ ಸರಣಿಗಳನ್ನು ಬಿಟ್ಟುಬಿಡಬೇಕು. ಕೈ ಕುದುರುವುದು ಸ್ವಲ್ಪ ಮಟ್ಟಿಗೆ ನಿಜ, ಗ್ಯಾಲರಿ ನಂಬುವಷ್ಟು ಅಲ್ಲ.

ಇನ್ನು ಪ್ಲಸ್ ಮೈನಸ್. ಒಬ್ಬ ಆಟಗಾರ ಅಂಕಣದಲ್ಲಿದ್ದಷ್ಟು ಹೊತ್ತು ತಂಡ ಎಷ್ಟು ಅಂಕ ಮುಂದೆ ಹೋಯಿತು ಅಥವಾ ಹಿಂದೆ ಬಿತ್ತು ಎಂಬ ಲೆಕ್ಕ. ಸರಳವಾಗಿ ಕಾಣುವುದರಿಂದಲೇ ಹೆಚ್ಚು ದಾರಿ ತಪ್ಪಿಸುತ್ತದೆ. ಕಾರವಾರದ ಕಡಲತೀರದಲ್ಲಿ ರಂಪಣಿ ಎಳೆಯುವುದನ್ನು ನೆನೆಸಿಕೊಳ್ಳಿ. ಹಗ್ಗಕ್ಕೆ ಹತ್ತಾರು ಕೈ. ಒಂದು ದಿನ ಬಲೆ ತುಂಬಿ ಬಂದರೆ ಅದು ಯಾರೊಬ್ಬರ ರಟ್ಟೆಯ ಬಲ ಎಂದು ಹೇಳುವುದು ಹೇಗೆ? ಸಾಧ್ಯವಿಲ್ಲ. ಆದರೆ ತಿಂಗಳುಗಟ್ಟಲೆ, ಯಾವ ದಿನ ಯಾರು ಬಂದಿದ್ದರು, ಯಾರು ಬಂದಿರಲಿಲ್ಲ, ಅವತ್ತು ಬಲೆ ಎಷ್ಟು ಬೇಗ ದಡ ಸೇರಿತು ಎಂದು ಬರೆದಿಟ್ಟರೆ ಒಬ್ಬೊಬ್ಬರ ಪಾಲು ನಿಧಾನಕ್ಕೆ ಬೇರೆಯಾಗಿ ಕಾಣುತ್ತದೆ. ಹೊಂದಿಸಿದ ಪ್ಲಸ್ ಮೈನಸ್ ಮಾಡುವುದು ಇದನ್ನೇ. ಹತ್ತು ಆಟಗಾರರ ಪ್ರತಿ ಗುಂಪಿಗೆ ಒಂದು ಸಮೀಕರಣ, ಸಾವಿರಾರು ಸಮೀಕರಣ ಸೇರಿ ಒಬ್ಬೊಬ್ಬರ ಬೆಲೆ. ಒಂದು ಪಂದ್ಯದ ಪ್ಲಸ್ ಮೈನಸ್ ನೋಡಿ ಮಗ ಒಬ್ಬನನ್ನು ಹೊಗಳಿದರೆ, ಅವನು ಯಾರ ಜೊತೆ ಆಡಿದ, ಎದುರು ಯಾರಿದ್ದರು ಎಂದು ಕೇಳಿ. ಯಾವಾಗಲೂ ನಿಕೋಲಾ ಯೋಕಿಚ್‌ನಂಥ ತಾರೆಯ ಜೊತೆಗೇ ಇಳಿಯುವ ಆಟಗಾರನಿಗೆ ಪ್ಲಸ್ ಬರುವುದು ದೊಡ್ಡ ಮಾತಲ್ಲ. ಯೋಕಿಚ್ ಬೆಂಚಿಗೆ ಹೋದಾಗ ಆ ಪ್ಲಸ್ ಉಳಿಯುತ್ತದೆಯೇ ಎಂಬುದು ನೋಡಬೇಕಾದದ್ದು. ಎರಡನೇ ಕ್ವಾರ್ಟರ್ ಶುರುವಿನಲ್ಲಿ ತಾರೆಗಳು ಕೂತಿರುವ ಆ ನಾಲ್ಕೈದು ನಿಮಿಷವನ್ನು ಬಹಳಷ್ಟು ಜನ ಚಾ ಕುಡಿಯಲು ಏಳುವ ಹೊತ್ತು ಮಾಡಿಕೊಂಡಿದ್ದಾರೆ. ಪಂದ್ಯ ಅಲ್ಲೇ ಕೈ ಜಾರುವುದು ಎಷ್ಟೋ ಸಲ.

ಆಟಗಾರನ ಇಡೀ ಆಟವನ್ನು ಒಂದೇ ಅಂಕಿಗೆ ಇಳಿಸುವ ಪಿಇಆರ್‌ನಂಥ (ಪ್ಲೇಯರ್ ಎಫಿಷಿಯೆನ್ಸಿ ರೇಟಿಂಗ್) ಪಟ್ಟಿಗಳಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಡಿಫೆನ್ಸ್ ಅವುಗಳಲ್ಲಿ ಮುಖ್ಯವಾಗಿ ಕದಿಯುವಿಕೆ, ಬ್ಲಾಕ್ ಮತ್ತು ರೀಬೌಂಡ್‌ಗಳ ಮಟ್ಟಿಗೆ ಇರುತ್ತದೆ. ಎದುರಾಳಿ ಎಸೆಯಲೇ ಹೆದರಿ ಚೆಂಡು ಹಿಂದೆ ಕೊಟ್ಟದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. 2013-14ರಿಂದ ಎಲ್ಲ ಎನ್‌ಬಿಎ ಕ್ರೀಡಾಂಗಣಗಳಲ್ಲಿ ಛಾವಣಿಯ ಕ್ಯಾಮೆರಾಗಳು ಆಟಗಾರರ ಚಲನೆಯನ್ನೇ ದಾಖಲಿಸತೊಡಗಿದ ಮೇಲೆ ಈ ಕೊರತೆ ಸ್ವಲ್ಪ ತುಂಬಿದೆ.

ಈಗ ನಿಮ್ಮ ಕೊನೆಯ ಪ್ರಶ್ನೆ, ನಮ್ಮ ಜಿಲ್ಲೆಯ ಟೂರ್ನಿಗಳು. ಖಂಡಿತ ಒಗ್ಗುತ್ತದೆ, ಇಲ್ಲಿ ಕ್ಯಾಮೆರಾ ಬೇಡ, ಒಂದು ನೋಟ್‌ಬುಕ್ ಸಾಕು. ಮೊದಲು ತಿಳಿಯಬೇಕಾದ್ದು: ಮೇಜಿನ ಮೇಲಿರುವ ಅಧಿಕೃತ ಸ್ಕೋರ್‌ಶೀಟ್‌ನಲ್ಲಿ ಬಿದ್ದ ಬಾಸ್ಕೆಟ್ ಮತ್ತು ಫೌಲ್ ಇರುತ್ತವೆ, ತಪ್ಪಿದ ಎಸೆತ ಇರುವುದಿಲ್ಲ. ಎರಡಂಕಕ್ಕೆ ಓರೆಗೆರೆ, ಫ್ರೀ ಥ್ರೋಗೆ ಚುಕ್ಕೆ, ಮೂರಂಕ ಹಾಕಿದವನ ನಂಬರ್ ಸುತ್ತ ವೃತ್ತ. ಫೌಲ್‌ನ ಪಕ್ಕದ ಸಣ್ಣ ಅಂಕಿಯಿಂದ ಎಷ್ಟು ಫ್ರೀ ಥ್ರೋ ಸಿಕ್ಕಿತು ಎಂದೂ ತಿಳಿಯುತ್ತದೆ. ತಪ್ಪಿದ ಎಸೆತ, ರೀಬೌಂಡ್, ಟರ್ನೋವರ್ ನೀವೇ ಬರೆದುಕೊಳ್ಳಬೇಕು.

ಒಬ್ಬರು ನೋಡಿ ಹೇಳುವುದು, ಇನ್ನೊಬ್ಬರು ಬರೆಯುವುದು. ಒಬ್ಬರೇ ಎರಡೂ ಮಾಡಿದರೆ ತಲೆ ತಗ್ಗಿಸಿದಾಗಲೇ ವೇಗದ ದಾಳಿ ತಪ್ಪುತ್ತದೆ, ತಪ್ಪುವುದು ಯಾವಾಗಲೂ ಟರ್ನೋವರ್ ಆದ ಮರುಕ್ಷಣವೇ. ಪುಟದ ನಡುವೆ ಗೆರೆ ಎಳೆದು ಎಡಕ್ಕೆ ಒಂದು ತಂಡ, ಬಲಕ್ಕೆ ಇನ್ನೊಂದು. ಒಂದು ಸರದಿಗೆ ಒಂದು ಸಾಲು. ಎಸೆದವನ ನಂಬರ್, ಜಾಗಕ್ಕೆ ಒಂದಕ್ಷರ (ರಿಂಗ್ ಬುಡಕ್ಕೆ ಬು, ಮಧ್ಯಕ್ಕೆ ಮ, ಮೂಲೆಗೆ ಮೂ, ಎದುರಿನ ಗೆರೆಯಾಚೆಗೆ ಗೆ), ಕೊನೆಗೆ ಆ ಸರದಿಯಲ್ಲಿ ಬಂದ ಅಂಕ. ಟರ್ನೋವರ್ ಆದರೆ ಟ. ತಪ್ಪಿದ ಎಸೆತದ ರೀಬೌಂಡ್ ಅದೇ ತಂಡಕ್ಕೆ ಸಿಕ್ಕರೆ ಹೊಸ ಸಾಲಿಗೆ ಹೋಗದೆ ಅದೇ ಸಾಲಿನಲ್ಲಿ ಒಂದು ಬಾಣ ಹಾಕಿ ಮುಂದುವರಿಸಿ. ಉದಾಹರಣೆಗೆ "7 ಮ → 11 ಬು 2". ಇಷ್ಟೇ. ಕ್ವಾರ್ಟರ್ ಮುಗಿದಾಗ ಎರಡೂ ಕಡೆಯ ಸಾಲು ಎಣಿಸಿ. ಒಂದರ ವ್ಯತ್ಯಾಸ ಸಹಜ, ಕ್ವಾರ್ಟರ್ ಶುರು ಮಾಡಿದ ತಂಡವೇ ಮುಗಿಸಿಯೂ ಇರಬಹುದು. ಮೂರರಷ್ಟು ವ್ಯತ್ಯಾಸ ಬಂದರೆ ಎಲ್ಲೋ ಬಾಣದ ಬದಲು ಹೊಸ ಸಾಲು ಬರೆದಿದ್ದೀರಿ. ಅಂಕಗಳ ಮೊತ್ತ ಬೋರ್ಡಿನ ಜೊತೆ ತಾಳೆಯಾಗಬೇಕು. ಈ ಎರಡು ತಾಳೆ ನೋಡದೆ ಮುಂದೆ ಹೋಗಬೇಡಿ, ಪಂದ್ಯ ಮುಗಿದ ಮೇಲೆ ತಪ್ಪು ಹುಡುಕಲು ಆಗುವುದಿಲ್ಲ. ಕ್ವಾರ್ಟರ್‌ನ ಕೊನೆಯ ಸೆಕೆಂಡಿನಲ್ಲಿ ಅರ್ಧ ಅಂಕಣದಿಂದ ಎಸೆದದ್ದಕ್ಕೆ ಬೇರೆ ಗುರುತು ಹಾಕಿ. ಅದನ್ನು ಸೇರಿಸಿದರೆ ಎಸೆದವನ ಶೇಕಡಾವಾರು ಸುಮ್ಮನೆ ಕೆಡುತ್ತದೆ.

ಮೊದಲ ಪಂದ್ಯದಲ್ಲಿ ಇಷ್ಟೂ ಬೇಡ. ಸರದಿ, ಅಂಕ ಮತ್ತು ಟರ್ನೋವರ್ ಬರೆದರೆ ಸಾಕು. ಶಾಲಾ ಕಾಲೇಜು ಮಟ್ಟದಲ್ಲಿ ಪಂದ್ಯ ನಿರ್ಧಾರವಾಗುವುದು ಬಹಳ ಸಲ ಟರ್ನೋವರ್ ಮತ್ತು ಫ್ರೀ ಥ್ರೋದಲ್ಲೇ, ಆಲಿವರ್ ಅವರ 40-25-20-15 ತೂಕ ಇಲ್ಲಿ ಹಾಗೇ ಹೊಂದುವುದಿಲ್ಲ. 24 ಸೆಕೆಂಡಿನ ಗಡಿಯಾರವಿಲ್ಲದ ಅಂಕಣವಾದರೆ ಸರದಿಗಳ ಒಟ್ಟು ಸಂಖ್ಯೆಯೇ ಒಂದು ಕತೆ ಹೇಳುತ್ತದೆ: ಮುಂದಿರುವ ತಂಡ ಕೊನೆಯ ಕ್ವಾರ್ಟರ್‌ನಲ್ಲಿ ಚೆಂಡು ಹಿಡಿದು ಆಟ ಎಳೆಯಿತೇ ಎಂದು ಅದರಿಂದ ಗೊತ್ತಾಗುತ್ತದೆ. ಪ್ರತಿ ಕ್ವಾರ್ಟರ್‌ನಲ್ಲಿ ತಂಡದ ಐದನೇ ಫೌಲ್ ಯಾವ ನಿಮಿಷಕ್ಕೆ ಆಯಿತು ಎಂದು ಅಂಚಿನಲ್ಲಿ ಬರೆದಿಡಿ. ಅಲ್ಲಿಂದ ಮುಂದೆ ಎಸೆಯದಿದ್ದಾಗ ಆದ ಫೌಲ್‌ಗೂ ಎರಡು ಫ್ರೀ ಥ್ರೋ, ಆಟದ ರೂಪವೇ ಬೇರೆ.

ಕರಾವಳಿಯ ತೆರೆದ ಅಂಕಣಗಳಿಗೆ ನೋಟ್‌ಬುಕ್‌ನಲ್ಲಿ ಇನ್ನೊಂದು ಕಲಂ ಸೇರಿಸಿ. ಕಾರವಾರದಲ್ಲಿ ಮಧ್ಯಾಹ್ನ ಕಳೆದ ಮೇಲೆ ಸಮುದ್ರದ ಕಡೆಯಿಂದ ಗಾಳಿ ಬೀಸುತ್ತದೆ, ದೂರದ ಎಸೆತ ಅದಕ್ಕೆ ಸಿಕ್ಕಿ ಓಲಾಡುತ್ತದೆ. ಅರ್ಧ ಪಂದ್ಯಕ್ಕೆ ತಂಡಗಳು ಬಾಸ್ಕೆಟ್ ಬದಲಿಸಿಕೊಳ್ಳುತ್ತವೆ. ಆದ್ದರಿಂದ ಮೂರಂಕದ ಎಸೆತಗಳನ್ನು ಮೊದಲರ್ಧ, ಎರಡನೆಯರ್ಧ ಎಂದು ಬೇರೆ ಬರೆದು, ಯಾವ ಬಾಸ್ಕೆಟ್‌ಗೆ ಎಷ್ಟು ಬಿತ್ತು ಎಂದು ಎರಡೂ ತಂಡಗಳದ್ದು ಕೂಡಿಸಿ ನೋಡಿ. ಒಂದು ಪಂದ್ಯದಿಂದ ಏನೂ ಹೇಳಲಾಗದು. ಒಂದೇ ಅಂಕಣದ ಎಂಟು ಹತ್ತು ಪಂದ್ಯ ಸೇರಿದಾಗ ಒಂದು ಬದಿಯ ಬಾಸ್ಕೆಟ್‌ಗೆ ಸತತವಾಗಿ ಕಡಿಮೆ ಬೀಳುತ್ತಿದ್ದರೆ, ಕೊನೆಯ ಎರಡು ಕ್ವಾರ್ಟರ್ ಯಾವ ಬದಿಗೆ ಎಸೆಯುವುದು ಲಾಭ ಎಂದು ನಿಮ್ಮ ಹುಡುಗರಿಗೆ ಹೇಳಲು ನಿಮ್ಮ ಕೈಯಲ್ಲಿ ಒಂದು ಆಧಾರ ಇರುತ್ತದೆ. ಶಿರಸಿಯಲ್ಲಿ ಕಡಲ ಗಾಳಿಯ ಚಿಂತೆ ಇಲ್ಲ. ಅಲ್ಲಿ ಬೆಳಗಿನ ಪಂದ್ಯವಾದರೆ ಸೂರ್ಯ ಯಾವ ಬೋರ್ಡಿನ ಹಿಂದಿದ್ದಾನೆ ಎಂದು ಅದೇ ಜಾಗದಲ್ಲಿ ಬರೆಯಿರಿ.